ಕಡ್ಡಿ ಗೀರಿದರೆ ಹತ್ತಬೇಕು

(ಮಳೆಗಾಲ ಶುರುವಾಗುವ ಮುಂಚೆ ಮಲೆನಾಡಿನ ಒಂದು ಊರಿನಲ್ಲಿ, ಸ್ವಸಹಾಯ ಸಂಘಗಳ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ನಿಮ್ಮ ಮನೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಬೆಂಕಿ ಹತ್ತಿಸುವುದಕ್ಕೆ ಅಲ್ಲಿ ಏನೇನಿದೆ? ಸ್ಟೌವ್ ಪಕ್ಕ ಒಂದು ಗ್ಯಾಸ್ ಲೈಟರ್ ಇರುತ್ತದೆ. ದೇವರ ಮನೆಯಲ್ಲಿ ಒಂದು ಬೆಂಕಿಪೊಟ್ಟಣ. ಬಚ್ಚಲ ಒಲೆಯಲ್ಲಿ ನೀರು ಕಾಯಿಸುವ ಮನೆಯಾದರೆ ಅಲ್ಲೇ ಗೋಡೆಯ ಗೂಡಿನಲ್ಲಿ ಇನ್ನೊಂದು ಪೊಟ್ಟಣ. ಹೆಚ್ಚಿನ ಮನೆಗಳಲ್ಲಿ ಇಷ್ಟೇ.

ಈಗ ಜುಲೈ ತಿಂಗಳು ಅಂದುಕೊಳ್ಳಿ. ಕರೆಂಟ್ ಹೋಗಿ ಕೆಲವು ದಿನ ಆಗಿದೆ. ರಸ್ತೆಗೆ ಮರ ಬಿದ್ದು ಸಿಲಿಂಡರ್ ಗಾಡಿ ಬಂದಿಲ್ಲ. ಮನೆಯಲ್ಲಿದ್ದ ಸಿಲಿಂಡರ್ ಬೆಳಿಗ್ಗೆ ಖಾಲಿಯಾಯಿತು. ಅಂಗಳದಲ್ಲಿ ಮೂರು ಕಲ್ಲಿಟ್ಟು ಅನ್ನ ಬೇಯಿಸಬೇಕು. ಆ ಗ್ಯಾಸ್ ಲೈಟರ್ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. ಅದರಿಂದ ಸೌದೆ ಹತ್ತಿಸಲು ಆಗುವುದಿಲ್ಲ, ಮೇಣದಬತ್ತಿಯನ್ನೂ ಹಚ್ಚಲು ಆಗುವುದಿಲ್ಲ. ಅದರಲ್ಲಿ ಉರಿಯುವ ವಸ್ತುವೇ ಇಲ್ಲ. ಬಚ್ಚಲಿನ ಪೊಟ್ಟಣ ಹಬೆಗೆ ಮೆತ್ತಗಾಗಿದೆ. ದೇವರ ಮನೆಯ ಪೊಟ್ಟಣಕ್ಕೂ ತೇವ ಹಿಡಿದಿದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ಎಷ್ಟೊಂದು ಜನ ಮನೆ ಬಿಟ್ಟು ಹೋಗಬೇಕಾಯಿತು ಎಂದು ನೀವೂ ನೋಡಿದ್ದೀರಿ.

ಹಾಗಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಲೈಟರ್ ಒಳ್ಳೆಯದು, ಯಾವ ಕಡ್ಡಿ ಒಳ್ಳೆಯದು ಎಂದು ಕೇಳುವ ಮೊದಲು, ಇದು ಯಾವ ಕಾರಣಕ್ಕೆ ಕೈಕೊಡುತ್ತದೆ ಎಂದು ಕೇಳಿ. ಮನೆಯಲ್ಲಿರುವ ಎರಡು ಸಾಧನಗಳೂ ಒಂದೇ ಕಾರಣಕ್ಕೆ ಕೈಕೊಡುವಂತಿದ್ದರೆ ನಿಮ್ಮ ಹತ್ತಿರ ಎರಡು ಇದ್ದಂತಾಗಲಿಲ್ಲ. ಆರು ಬೆಂಕಿಪೊಟ್ಟಣ ಇಟ್ಟುಕೊಂಡರೂ ಅಷ್ಟೆ. ಆರಕ್ಕೂ ತೇವ ಹಿಡಿಯುವುದು ಒಂದೇ ರಾತ್ರಿಯಲ್ಲಿ.

ಬೆಂಕಿಪೊಟ್ಟಣದಿಂದಲೇ ಶುರು ಮಾಡೋಣ. ನಮಗೆ ಸಿಗುವ ಪೊಟ್ಟಣಗಳಲ್ಲಿ ಹೆಚ್ಚಿನವು ತಮಿಳುನಾಡಿನ ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿ ಕಡೆಯವು. ಶಿವಕಾಶಿಯ ಪಿ. ಅಯ್ಯ ನಾಡಾರ್ ಮತ್ತು ಎ. ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಈ ಕೆಲಸ ಕಲಿತು ಬಂದು, 1923ರಲ್ಲಿ ಊರಿನಲ್ಲಿ ಕಾರ್ಖಾನೆ ಹಾಕಿದರು. ಅದು ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಸೀಮೆ. ಅದ್ದಿದ ಕಡ್ಡಿ ಬೇಗ ಒಣಗುತ್ತದೆ. ಆ ಉದ್ಯೋಗ ಅಲ್ಲಿ ಬೇರೂರುವುದಕ್ಕೆ ಒಣ ಹವೆಯೂ ಒಂದು ಕಾರಣ. ಅಂಥ ಒಣ ನೆಲದಲ್ಲಿ ಹುಟ್ಟಿದ ಕಡ್ಡಿ ನಮ್ಮ ಕಡೆಗೆ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಕಡ್ಡಿಗೆ ತೇವ ಹಿಡಿಯದೆ ಇರುತ್ತದೆಯೇ?

ಬೆಂಕಿಕಡ್ಡಿ ಹೇಗೆ ಹತ್ತುತ್ತದೆ ಎಂದು ತಿಳಿದರೆ ಅದನ್ನು ಹೇಗೆ ಕಾಪಾಡಬೇಕು ಎನ್ನುವುದೂ ತಿಳಿಯುತ್ತದೆ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಗಾಜಿನ ಪುಡಿ, ಅಂಟು ಇರುತ್ತವೆ. ಪೊಟ್ಟಣದ ಪಕ್ಕದ ಪಟ್ಟಿಯಲ್ಲಿ ಕೆಂಪು ರಂಜಕ ಇರುತ್ತದೆ. ಗೀರಿದಾಗ ಪಟ್ಟಿಯ ರಂಜಕ ಒಂದಿಷ್ಟು ಉಜ್ಜಿ ಎದ್ದು ಕಿಡಿಯಾಗುತ್ತದೆ, ಆ ಕಿಡಿ ತಲೆಗೆ ಹತ್ತುತ್ತದೆ. ಎರಡನ್ನೂ ಬೇರೆ ಬೇರೆ ಇಟ್ಟಿದ್ದರಿಂದಲೇ ಅದಕ್ಕೆ ಸೇಫ್ಟಿ ಮ್ಯಾಚ್ ಎಂದು ಹೆಸರು. 1844ರಲ್ಲಿ ಸ್ವೀಡನ್ನಿನ ಗುಸ್ಟಾಫ್ ಎರಿಕ್ ಪಾಶ್ ಎಂಬುವರು ಇದಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮೊದಲಿನ ಕಡ್ಡಿಗಳಲ್ಲಿ ಬಿಳಿ ರಂಜಕ ಇರುತ್ತಿತ್ತು. ಅದನ್ನು ಮಾಡುವ ಕಾರ್ಮಿಕರ ದವಡೆಯ ಮೂಳೆಯೇ ಕೊಳೆಯುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಪಕ್ಕದ ಪಟ್ಟಿ. ಕಡ್ಡಿ ಹತ್ತದಿದ್ದರೆ ನಾವು ಕಡ್ಡಿಯನ್ನೇ ಬೈಯುತ್ತೇವೆ. ಎಷ್ಟೋ ಸಲ ಕೆಟ್ಟಿರುವುದು ಆ ಪಟ್ಟಿ. ಒದ್ದೆ ಕೈಯಲ್ಲಿ ಮುಟ್ಟಿದರೆ ಸಾಕು, ಅದು ಮೆತ್ತಗಾಗಿ ಸಿಪ್ಪೆ ಏಳುತ್ತದೆ. ಹಾಗಾಗಿ ಖಾಲಿಯಾದ ಪೊಟ್ಟಣ ಎಸೆಯುವಾಗ, ಪಟ್ಟಿ ಇನ್ನೂ ಸವೆಯದಿದ್ದರೆ ಕತ್ತರಿಸಿ ಇಟ್ಟುಕೊಳ್ಳಿ. ಕಾಲು ಇಂಚಿನ ತುಂಡೂ ಉಪಯೋಗಕ್ಕೆ ಬರುತ್ತದೆ.

ಇಡುವುದು ಎಲ್ಲಿ? ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಚೆನ್ನಾಗಿ ತೊಳೆದು ಒಣಗಿಸಿದ ಉಪ್ಪಿನಕಾಯಿ ಬಾಟಲಿಯೂ ಆಗುತ್ತದೆ. ತಳಕ್ಕೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣವಿದ್ದರೆ ಅದನ್ನೂ ಹಾಕಬಹುದು. ಕಡ್ಡಿಗಳನ್ನು ಬಿಡಿಯಾಗಿ ಸುರಿಯಬೇಡಿ. ಪೊಟ್ಟಣದ ಸಮೇತ ಇಡಿ, ಇಲ್ಲವೇ ಪಟ್ಟಿಯನ್ನು ಬೇರೆ ಕಾಗದದಲ್ಲಿ ಸುತ್ತಿ ಇಡಿ. ತಲೆ ಮತ್ತು ಪಟ್ಟಿ ಡಬ್ಬಿಯೊಳಗೆ ಉಜ್ಜಿಕೊಳ್ಳಬಾರದು. ಇದನ್ನು ಮೇ ತಿಂಗಳ ಬಿಸಿಲಿನಲ್ಲೇ ಮಾಡಿ ಮುಗಿಸಬೇಕು. ಮಳೆ ಹಿಡಿದ ಮೇಲೆ ಡಬ್ಬಿ ಮುಚ್ಚಿದರೆ ತೇವವನ್ನೇ ಒಳಗೆ ಹಾಕಿ ಮುಚ್ಚಿದಂತೆ.

ಕೊಳ್ಳುವಾಗ ಮರದ ಕಡ್ಡಿಯೋ ಮೇಣದ ಕಡ್ಡಿಯೋ ನೋಡಿ. ಮೇಣ ಹಾಕಿದ ಕಾಗದದ ಕಡ್ಡಿ ಚೆನ್ನಾಗಿ ಉರಿಯುತ್ತದೆ, ಆದರೆ ಬಾಗುತ್ತದೆ, ಗಿಡ್ಡ, ಬೆರಳಿಗೆ ಬೇಗ ಬಿಸಿ ತಾಗುತ್ತದೆ. ಒಲೆಗೆ ಮರದ ಕಡ್ಡಿಯೇ ಸರಿ ಎನ್ನುವುದು ನನ್ನ ಅಭಿಪ್ರಾಯ. ತುರ್ತಿಗೆಂದು ಎತ್ತಿಡುವ ಕಡ್ಡಿಗಳ ತಲೆಯನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆದರೆ ತೇವ ತಾಗುವುದು ಕಡಿಮೆ. ಗೀರುವ ಮೊದಲು ಉಗುರಿನಿಂದ ಮೇಣ ಕೆರೆದರಾಯಿತು. 2021ರ ಡಿಸೆಂಬರ್‌ನಲ್ಲಿ ಪೊಟ್ಟಣದ ಬೆಲೆ ಒಂದು ರೂಪಾಯಿಯಿಂದ ಎರಡಕ್ಕೆ ಏರಿತು. ಎರಡು ರೂಪಾಯಿಗೆ ಇಷ್ಟು ಕೆಲಸ ಮಾಡುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಅದಕ್ಕೇ ಅದನ್ನು ಜೋಪಾನ ಮಾಡಿ ಎಂದು ಇಷ್ಟು ಹೇಳುತ್ತಿದ್ದೇನೆ.

ಈಗ ಗ್ಯಾಸ್ ಲೈಟರ್. ಟಕ್ ಎಂದು ಒತ್ತಿದಾಗ ಒಳಗಿನ ಸ್ಪ್ರಿಂಗು ಒಂದು ಸಣ್ಣ ಸುತ್ತಿಗೆಯಿಂದ ಹರಳಿನಂಥ ಒಂದು ತುಂಡಿಗೆ ಹೊಡೆಯುತ್ತದೆ. ಆ ಪೆಟ್ಟಿಗೆ ಸಾವಿರಾರು ವೋಲ್ಟ್ ವಿದ್ಯುತ್ ಹುಟ್ಟಿ ತುದಿಯಲ್ಲಿ ಕಿಡಿ ಹಾರುತ್ತದೆ. ಒತ್ತಡದಿಂದ ವಿದ್ಯುತ್ ಹುಟ್ಟುವ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಬ್ಯಾಟರಿ ಬೇಡ, ಎಣ್ಣೆ ಬೇಡ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಗ್ಯಾಸ್ ಇದ್ದರೆ ಮಾತ್ರ. ಕೊಳ್ಳುವಾಗ ಅಂಗಡಿಯಲ್ಲೇ ಹತ್ತಾರು ಸಲ ಒತ್ತಿ ನೋಡಿ. ತುದಿಯನ್ನು ನೆರಳಿಗೆ ಹಿಡಿದರೆ ನೀಲಿ ಕಿಡಿ ಕಾಣಬೇಕು, ಪ್ರತಿ ಸಲವೂ ಕಾಣಬೇಕು. ಮನೆಯಲ್ಲಿ ಅದು ಕೆಲಸ ನಿಲ್ಲಿಸಿದರೆ ಕೂಡಲೇ ಎಸೆಯಬೇಡಿ. ಹೆಚ್ಚಿನ ಸಲ ಹಬೆ ಅಥವಾ ಹಾಲು ಉಕ್ಕಿದ ಜಿಡ್ಡು ತುದಿಯೊಳಗೆ ಹೋಗಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಒಂದು ದಿನ ಒಣಗಲು ಬಿಡಿ. ಅದನ್ನು ಸ್ಟೌವ್ ಕಟ್ಟೆಯ ಮೇಲೆ ಮಲಗಿಸದೆ ಮೊಳೆಗೆ ನೇತುಹಾಕುವುದು ಒಳ್ಳೆಯದು.

ಒತ್ತಿದರೆ ಉರಿ ಬರುವ ಲೈಟರ್ ಬೇರೆಯದು. ಅದರಲ್ಲಿ ಬ್ಯೂಟೇನ್ ಎಂಬ ಗ್ಯಾಸ್ ಇರುತ್ತದೆ. ಸಿಗರೇಟಿಗೆ ಬಳಸುವ ಸಣ್ಣದೂ ಇದೆ, ಉದ್ದ ಕೊಳವೆಯದೂ ಇದೆ. ನಿಮ್ಮ ಎರಡನೇ ಸಾಧನ ಇದಾಗಿರಲಿ, ಏಕೆಂದರೆ ಇದಕ್ಕೆ ತೇವದ ಭಯ ಕಡಿಮೆ. ನೀರಿಗೆ ಬಿದ್ದರೂ ಒರೆಸಿ, ಊದಿ, ಒಣಗಿಸಿದರೆ ಮತ್ತೆ ಹತ್ತುತ್ತದೆ. ಚಕ್ರ ತಿರುಗಿಸುವ ಬಗೆಯನ್ನೇ ಆರಿಸಿ. ಅದರಲ್ಲಿ ಗ್ಯಾಸ್ ಮುಗಿದರೂ ಕಿಡಿ ಬರುತ್ತದೆ, ಬಿಡಿಸಿದ ಹತ್ತಿಗೆ ಆ ಕಿಡಿ ಸಾಕಾಗಬಹುದು. ಗ್ಯಾಸ್ ಮಟ್ಟ ಕಾಣುವ ಪಾರದರ್ಶಕ ಮೈ ಇದ್ದರೆ ಇನ್ನೂ ಅನುಕೂಲ. ಇದಕ್ಕೂ ಒಂದು ಕೊರತೆ ಇದೆ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದಿಲ್ಲ. ನಮ್ಮ ಊರಿಗೆ ಅದು ತೊಂದರೆಯಲ್ಲ. ಹಿಮಾಲಯಕ್ಕೆ ಚಾರಣ ಹೋಗುವ ಮಕ್ಕಳಿಗೆ ಹೇಳಿ, ಲೈಟರನ್ನು ಅಂಗಿಯ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಲಿ. ವಿಮಾನದಲ್ಲಂತೂ ಲೈಟರ್, ಬೆಂಕಿಪೊಟ್ಟಣ ಎರಡನ್ನೂ ಒಯ್ಯುವಂತಿಲ್ಲ.

ತೀರಾ ಅಗ್ಗದ ಲೈಟರ್ ಕೊಳ್ಳಬೇಡಿ. ಕವಾಟ ಸರಿ ಮುಚ್ಚದೆ ಗ್ಯಾಸ್ ಸೋರುವುದುಂಟು, ಬೆರಳು ತೆಗೆದರೂ ಉರಿ ಆರದಿರುವುದುಂಟು. 2023ರಲ್ಲಿ ಕೇಂದ್ರ ಸರ್ಕಾರ ಉರಿ ಬರುವ ಲೈಟರುಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕಡ್ಡಾಯ ಮಾಡುವ ಆದೇಶ ಹೊರಡಿಸಿದೆ. ಆ ಗುರುತು ನೋಡಿ ಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನೊಳಗೆ, ಒಲೆಯ ಮೇಲಿನ ಹಲಗೆಯಲ್ಲಿ ಇಡಬೇಡಿ. ಸೀಮೆಎಣ್ಣೆಯಂಥ ದ್ರವ ತುಂಬುವ ಲೋಹದ ಲೈಟರ್ ನೋಡಲು ಚೆಂದ, ಆದರೆ ತುರ್ತಿಗೆ ಎತ್ತಿಡಲು ಬರುವುದಿಲ್ಲ. ಮುಟ್ಟದೆ ಇಟ್ಟರೂ ಕೆಲವು ವಾರಗಳಲ್ಲಿ ದ್ರವ ಆವಿಯಾಗಿ ಹೋಗುತ್ತದೆ. ಯುಎಸ್‌ಬಿ ಚಾರ್ಜಿನ ಲೈಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕರೆಂಟ್ ಇರುವಾಗ ಚೆನ್ನಾಗಿದೆ.

ಮೂರನೆಯದು ಫೆರೋ ರಾಡ್. ಆನ್‌ಲೈನ್‌ನಲ್ಲಿ ಸಿಗುತ್ತದೆ, ಪೆನ್ಸಿಲ್ ದಪ್ಪದ ಕಪ್ಪು ಕಡ್ಡಿ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ 1903ರಲ್ಲಿ ಪೇಟೆಂಟ್ ಪಡೆದ ಮಿಶ್ರಲೋಹ ಇದು. ಚಕ್ರದ ಲೈಟರಿನೊಳಗಿನ ಕಲ್ಲು ಎನ್ನುತ್ತೇವಲ್ಲ, ಅದೂ ಇದೇ ವಸ್ತು. ಗಟ್ಟಿ ಉಕ್ಕಿನ ಅಂಚಿನಿಂದ ಕೆರೆದರೆ ಸುಮಾರು 3,000 ಡಿಗ್ರಿ ಬಿಸಿಯ ಕಿಡಿಗಳು ಉದುರುತ್ತವೆ. ನೀರಿನಲ್ಲಿ ಮುಳುಗಿಸಿ ತೆಗೆದು ಒರೆಸಿದರೂ ಕಿಡಿ ಬರುತ್ತದೆ. ಸಾವಿರಾರು ಸಲ ಕೆರೆಯಬಹುದು. ಕಿಡಿ ಬಾರದಿರುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಹೊಸತರ ಮೇಲಿನ ಕಪ್ಪು ಲೇಪವನ್ನು ಮೊದಲು ಕೆರೆದು ತೆಗೆದಿರುವುದಿಲ್ಲ. ಇಲ್ಲವೇ ಕೆರೆಯುವ ಅಂಚು ಚೂಪಾಗಿರುವುದಿಲ್ಲ. ಗರಗಸದ ಬ್ಲೇಡಿನ ಹಿಂಬದಿ ಚೆನ್ನಾಗಿ ಒಪ್ಪುತ್ತದೆ. ಇನ್ನೊಂದು ಉಪಾಯ ಇದೆ. ಬ್ಲೇಡನ್ನು ಅಲುಗಿಸದೆ ಹಿಡಿದು ರಾಡನ್ನು ಹಿಂದಕ್ಕೆ ಎಳೆಯಿರಿ. ಬ್ಲೇಡನ್ನು ಮುಂದೆ ತಳ್ಳಿದರೆ ಕಿಡಿ ಹಿಡಿಯಲೆಂದು ಜೋಡಿಸಿದ ನಾರೆಲ್ಲ ಚೆದುರಿಹೋಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ರಾಡ್ ನಿಧಾನವಾಗಿ ಪುಡಿಯಾಗುತ್ತದೆ. ತೆಳ್ಳಗೆ ಮೇಣ ಸವರಿ ಇಟ್ಟರೆ ಬಾಳುತ್ತದೆ.

ಆದರೆ ರಾಡ್ ಕೊಡುವುದು ಕಿಡಿ ಮಾತ್ರ, ಉರಿ ಅಲ್ಲ. ಕಿಡಿಯನ್ನು ಹಿಡಿದುಕೊಳ್ಳುವ ವಸ್ತು ಬೇಕು. ಅಂಗಡಿಯ ಜಾಹೀರಾತು ಇದನ್ನು ಹೇಳುವುದಿಲ್ಲ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಚಕಮಕಿ ಕಲ್ಲು ಇಟ್ಟುಕೊಂಡವರು ಅದರ ಜೊತೆಗೇ ಒಣ ನಾರನ್ನೋ ಅರಳೆಯನ್ನೋ ಇಟ್ಟುಕೊಳ್ಳುತ್ತಿದ್ದರು. ಬಗನಿ ಮರದ ಎಲೆದಂಟಿನ ಬುಡದಲ್ಲಿ ಸಿಗುವ ಅರಳೆಯಂಥ ನಯವಾದ ಜುಂಗು ಕಿಡಿ ಹಿಡಿಯುವುದಕ್ಕೆ ಹೆಸರಾದದ್ದು. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಬೆಳಿಗ್ಗೆ ಊದಿ ಎಬ್ಬಿಸುವುದೂ, ಆರಿಹೋದರೆ ಪಕ್ಕದ ಮನೆಯಿಂದ ಕೆಂಡ ತರುವುದೂ ಇತ್ತು. ಬೆಂಕಿ ಹುಟ್ಟಿಸುವುದಕ್ಕಿಂತ ಉಳಿಸಿಕೊಳ್ಳುವುದು ಸುಲಭ ಎಂದು ತಿಳಿದ ಜನ ಅವರು. ನೆರೆಯ ದಿನಗಳಲ್ಲಿ ಇದನ್ನು ಮತ್ತೆ ಮಾಡಬಹುದು. ಕಡ್ಡಿ ಉಳಿಯುತ್ತದೆ.

ಈಗಿನ ನಮಗೆ ಸುಲಭವಾಗಿ ಸಿಗುವುದು ಕರ್ಪೂರ. ಇಷ್ಟು ಒಳ್ಳೆಯ ತುರ್ತು ವಸ್ತು ದೇವರ ಮನೆಯಲ್ಲೇ ಕೂತಿದೆ, ಹೆಚ್ಚಿನವರಿಗೆ ಅದು ಹೊಳೆಯುವುದಿಲ್ಲ. ಕರ್ಪೂರ ನೀರಿನ ಮೇಲೆ ತೇಲುತ್ತಾ ಉರಿಯುತ್ತದೆ. ಒಂದು ಕಡ್ಡಿ ಹತ್ತಿ ಆರುವುದರೊಳಗೆ ಸೌದೆ ಹಿಡಿಯುವುದಿಲ್ಲ, ಒಂದು ಬಿಲ್ಲೆ ಕರ್ಪೂರ ಆ ನಡುವಿನ ಸಮಯ ಕೊಡುತ್ತದೆ. ಆದರೆ ಅದು ಗಾಳಿಯಲ್ಲಿ ಕರಗಿ ಹೋಗುತ್ತದೆ. ಡಬ್ಬಿಗೆ ನಾಲ್ಕು ಕಾಳುಮೆಣಸು ಹಾಕುವ ರೂಢಿ ಇದೆ, ಹಾಕಿ, ಆದರೆ ಮುಚ್ಚಳ ಬಿಗಿಯಾಗಿರಲಿ. ಅಡುಗೆ ಪಾತ್ರೆ ಇಡುವುದು ಅದರ ಹೊಗೆ ಹೋದ ಮೇಲೆ. ಮಕ್ಕಳ ಕೈಗೆ ಮಾತ್ರ ಸಿಗಲೇಬಾರದು. ಮಗು ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತದೆ, ಜೀವಕ್ಕೇ ಅಪಾಯ. ಇನ್ನೊಂದು, ಹತ್ತಿಯ ಉಂಡೆಗೆ ವ್ಯಾಸಲಿನ್ ಚೆನ್ನಾಗಿ ತಿಕ್ಕಿ ಸಣ್ಣ ಡಬ್ಬಿಯಲ್ಲಿ ಇಡಿ. ಹೊರಗಿನ ಎಳೆಗಳನ್ನು ಬಿಡಿಸಿ ಕಿಡಿ ತಾಗಿಸಿದರೆ ಕೆಲವು ನಿಮಿಷ ಉರಿಯುತ್ತದೆ.

ಸೌದೆ ಒದ್ದೆಯಾಗಿದ್ದರೆ ಹೊರಗಿನದನ್ನು ನೋಡಿ ಕೈಬಿಡಬೇಡಿ. ಕೊಡಲಿಯಲ್ಲಿ ಸೀಳಿ. ಕಡಿದು ಒಣಗಿಸಿದ ಸೌದೆಯಾದರೆ ಮಳೆಗೆ ನೆನೆದಿದ್ದರೂ ಒಳಗಿನ ಚೇಗು ಒಣಗಿಯೇ ಇರುತ್ತದೆ. ಅದರಿಂದ ಬೆರಳಿಗಿಂತ ತೆಳ್ಳಗಿನ ಚಕ್ಕೆ ಎಬ್ಬಿಸಿ. ತೆಂಗಿನ ನಾರು, ಅಡಿಕೆ ಸಿಪ್ಪೆ, ಪುರಲೆ, ಗರಟೆ ಇವನ್ನೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಪದ್ಧತಿ ಎಷ್ಟು ಸರಿಯಾದದ್ದು! ಹೊಗೆಯ ಬಿಸಿಗೆ ಅವು ಮಳೆಗಾಲವಿಡೀ ಒಣಗಿಯೇ ಇರುತ್ತವೆ. ಹೊಸ ಮನೆಗಳಲ್ಲಿ ಅಟ್ಟವಿಲ್ಲ. ಒಂದು ಗೋಣಿಚೀಲದಷ್ಟು ಒಣ ಪುರಲೆ, ಗರಟೆಯನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿ ಮುಚ್ಚಿಡಿ.

ರೇಷನ್ನಿನಲ್ಲಿ ಸೀಮೆಎಣ್ಣೆ ಸಿಗುವುದು ಕಡಿಮೆಯಾದ ಮೇಲೆ ಕೆಲವರು ಸೌದೆಗೆ ಪೆಟ್ರೋಲ್ ಹಾಕುತ್ತಾರೆ. ದಯವಿಟ್ಟು ಬೇಡ. ಪೆಟ್ರೋಲಿನ ಆವಿ ನೆಲದ ಮೇಲೆ ಹರಡಿ ನಿಮ್ಮ ಕಾಲಿನವರೆಗೂ ಬಂದಿರುತ್ತದೆ. ಕಡ್ಡಿ ಗೀರಿದ ಕೂಡಲೇ ಅದೆಲ್ಲ ಒಟ್ಟಿಗೆ ಹತ್ತುತ್ತದೆ. ಸ್ಯಾನಿಟೈಸರ್ ಇನ್ನೂ ಮೋಸದ್ದು. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಆರಿದೆ ಎಂದುಕೊಂಡು ಮತ್ತೆ ಸುರಿದವರ ಕೈ ಸುಟ್ಟಿದೆ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಐಸು ಯಾವುದೂ ಬೇಡ.

ಇನ್ನು ಬೆಂಕಿ ಹತ್ತಿಸಲೇಬಾರದ ಹೊತ್ತಿನ ಬಗ್ಗೆ. ನೆರೆ ಇಳಿದ ಮೇಲೆ ಮನೆಗೆ ಮರಳಿದವರು ಮೊದಲು ಮಾಡುವ ಕೆಲಸ ದೀಪ ಹಚ್ಚುವುದು. ಆ ಹೊತ್ತಿಗೆ ಸಿಲಿಂಡರ್ ಉರುಳಿ ಟ್ಯೂಬು ಸಡಿಲವಾಗಿರಬಹುದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೆಲದಲ್ಲೇ ಕೂರುತ್ತದೆ, ಹೊಸ್ತಿಲು ಎತ್ತರವಿದ್ದರೆ ಕೋಣೆಯೊಳಗೇ ನಿಲ್ಲುತ್ತದೆ. ಕೋಣೆಯ ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಹಾಗಾಗಿ ಬಾಗಿಲು, ಕಿಟಕಿ ತೆರೆಯಿರಿ, ಬಗ್ಗಿ ಮೂಸಿ ನೋಡಿ. ವಾಸನೆ ಬಂದರೆ ಕಡ್ಡಿ ಬೇಡ, ಲೈಟರ್ ಬೇಡ, ಲೈಟಿನ ಸ್ವಿಚ್ಚನ್ನು ಹಾಕುವುದೂ ಬೇಡ ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್.

ದಿನನಿತ್ಯದ ಸ್ಟೌವ್ ವಿಷಯದಲ್ಲೂ ಒಂದು ಕ್ರಮ ಇದೆ. ಕಡ್ಡಿಯಾದರೆ ಮೊದಲು ಗೀರಿ, ಆಮೇಲೆ ನಾಬ್ ತಿರುಗಿಸಿ. ಗ್ಯಾಸ್ ಲೈಟರ್ ಆದರೆ ಬರ್ನರಿಗೆ ಹಿಡಿದು, ನಾಬ್ ತಿರುಗಿಸಿದ ತಕ್ಷಣ ಒತ್ತಿ. ಎರಡು ಮೂರು ಒತ್ತಿಗೆ ಹತ್ತದಿದ್ದರೆ ನಾಬ್ ಮುಚ್ಚಿ, ಕಿಟಕಿ ತೆರೆದು, ಕೆಲವು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ನಾಬ್ ತೆರೆದಿಟ್ಟು ಟಕ್ ಟಕ್ ಎಂದು ಒತ್ತುತ್ತಲೇ ಇರುವುದು ನಮ್ಮಲ್ಲಿ ಬಹಳ ಜನರ ಅಭ್ಯಾಸ. ಅದು ಬಿಡಬೇಕು.

ಮಾತು ಮುಗಿದ ಮೇಲೆ ಒಬ್ಬರು ಅಕ್ಕ ಕೇಳಿದರು: ಮಳೆಗಾಲದ ಚಳಿಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಬಾಣಂತಿ ಕೋಣೆಯಲ್ಲಿ ಇಡುತ್ತೇವೆ, ಪರವಾಗಿಲ್ಲವೇ? ಕೋಣೆ ಮುಚ್ಚಿದ್ದರೆ ಖಂಡಿತ ಬೇಡ ಅಕ್ಕಾ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆಯೂ ಕಾಣುವುದಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಬಿಸಿನೀರಿನ ಚೀಲ ಇಡಿ. ಮಲಗುವ ಕೋಣೆಗೆ ಕೆಂಡ ತರುವುದೇ ಬೇಡ.

ಕಾಲೇಜು ಹುಡುಗನೊಬ್ಬ ಫೆರೋ ರಾಡ್ ಹಿಡಿದು ಕುಮಾರ ಪರ್ವತಕ್ಕೆ ಹೋಗಬಹುದೇ ಎಂದ. ಕಾಡಿನಲ್ಲಿ ಬೆಂಕಿ ಹಾಕುವ ಹಾಗಿಲ್ಲಪ್ಪ. 1972ರ ವನ್ಯಜೀವಿ ಕಾಯ್ದೆಯಲ್ಲೇ ಅದಕ್ಕೆ ನಿಷೇಧವಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೇಗೆ ಉರಿಯಿತು ಎಂದು ನೀನೂ ಟಿವಿಯಲ್ಲಿ ನೋಡಿರುತ್ತೀಯ. ರಾಡ್ ಮನೆಯಲ್ಲಿರಲಿ, ಅಂಗಳದಲ್ಲಿ ಕಲಿ, ನಿಮ್ಮ ಅಮ್ಮನಿಗೂ ಕಲಿಸು.

ಕೈ ನಡುಗುವ ಅಜ್ಜಿಗೆ ಯಾವುದು ಒಳ್ಳೆಯದು ಎಂದೂ ಒಬ್ಬರು ಕೇಳಿದರು. ಉದ್ದ ಕೊಳವೆಯ ಬ್ಯೂಟೇನ್ ಲೈಟರ್. ಆದರೆ ಕೆಲವಕ್ಕೆ ಮಕ್ಕಳು ಒತ್ತದಿರಲೆಂದು ಗಟ್ಟಿ ಗುಂಡಿ ಇರುತ್ತದೆ, ವಯಸ್ಸಾದ ಬೆರಳಿಗೆ ಅದು ಜಗ್ಗುವುದಿಲ್ಲ. ಅಜ್ಜಿಯನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಒತ್ತಿಸಿ ನೋಡಿ ಕೊಳ್ಳಿ.

ಹೋಗುವ ಮುಂಚೆ ಎಲ್ಲರಿಗೂ ಒಂದು ಕೆಲಸ. ಮುಂದಿನ ಭಾನುವಾರ ಸಂಜೆ ಮೇನ್ ಸ್ವಿಚ್ ಆರಿಸಿ, ಸ್ಟೌವ್ ಮುಟ್ಟದೆ, ಮನೆಯಲ್ಲಿರುವುದರಲ್ಲೇ ಒಲೆ ಹಚ್ಚಿ ಕಾಫಿ ಮಾಡಿ. ಮಳೆ ಬರುತ್ತಿದ್ದರೆ ಇನ್ನೂ ಒಳ್ಳೆಯದು. ಒಬ್ಬರೇ ಮಾಡಬೇಡಿ, ಮನೆಯವರೆಲ್ಲ ಒಂದೊಂದು ಸಲ ಹತ್ತಿಸಿ ನೋಡಲಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಯಾವುದು ಹತ್ತಿತು, ಯಾವುದು ಕೈಕೊಟ್ಟಿತು, ಯಾಕೆ ಎಂದು ಒಂದು ಚೀಟಿಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ. ಅದನ್ನು ನೋಡಿಯೇ ಸಂಘದಿಂದ ಏನೇನು ಒಟ್ಟಿಗೆ ಕೊಳ್ಳಬೇಕೆಂದು ತೀರ್ಮಾನಿಸೋಣ.